ಮನೆಯಲ್ಲೇ ಕಾರಿನ ಟೈರ್ ಕಳಚುವ ಕೈಚಾಲಿತ ಸ್ಟ್ಯಾಂಡ್: ಬಳಸಿದ ಮೇಲಿನ ಅಭಿಪ್ರಾಯ

ಕಾರಿನ ಹಳೆಯ ಟೈರನ್ನು ಡಿಸ್ಕಿನಿಂದ, ಎಂದರೆ ಚಕ್ರದ ಲೋಹದ ಭಾಗದಿಂದ, ಕಳಚುವಾಗ ಹೆಚ್ಚು ಶ್ರಮ ಬೇಡುವುದು ಟೈರನ್ನು ಹೊರಗೆ ತೆಗೆಯುವ ಕೆಲಸವಲ್ಲ, ವರ್ಷಗಟ್ಟಲೆ ರಿಮ್ಮಿಗೆ ಕಚ್ಚಿಕೊಂಡ ಬೀಡನ್ನು ಬಿಡಿಸುವ ಕೆಲಸ. ಆದ್ದರಿಂದ ಈ ಕೈಚಾಲಿತ ಸ್ಟ್ಯಾಂಡನ್ನು ನಾನು ಮೊದಲು ಅಳೆದದ್ದು ಅದರಲ್ಲಿಯೇ.

ಬೀಡ್ ಎಂದರೆ ಟೈರಿನ ಒಳ ಅಂಚು. ಅದರೊಳಗೆ ಉಕ್ಕಿನ ತಂತಿಗಳ ಬಳೆ ಇರುತ್ತದೆ. ಟ್ಯೂಬ್‌ಲೆಸ್ ಚಕ್ರದಲ್ಲಿ ಅದು ಸುಲಭವಾಗಿ ಜಾರದಂತೆ ರಿಮ್ಮಿನಲ್ಲಿ ಸಣ್ಣದೊಂದು ಉಬ್ಬನ್ನೂ ಕೊಟ್ಟಿರುತ್ತಾರೆ. ಡಿಸ್ಕಿಗೆ ತುಕ್ಕು ಹಿಡಿದಿದ್ದರಂತೂ ಬೀಡ್ ಅಂಟಿಕೊಂಡೇ ಬಿಡುತ್ತದೆ. ಟೈರಿನ ಪಕ್ಕದಲ್ಲಿರುವ ತಯಾರಿಕೆಯ ನಾಲ್ಕಂಕಿ 1217 ಎಂದಿದ್ದರೆ ಅದು 2017ರ 12ನೇ ವಾರದ್ದು. ಅಷ್ಟು ಹಳೆಯ, ಗಟ್ಟಿಯಾದ ರಬ್ಬರನ್ನು ಹಾರೆಯಿಂದ ಮೀಟುವುದಾಗಲಿ, ಸುತ್ತಿಗೆಯಿಂದ ಹೊಡೆಯುವುದಾಗಲಿ ರಿಮ್ಮಿನ ಅಂಚನ್ನು ಕೆಡಿಸುತ್ತದೆ. ಈ ಸ್ಟ್ಯಾಂಡಿನ ಉದ್ದನೆಯ ಹಿಡಿಗೆ ಜೋಡಿಸಿದ ಬಾಗಿದ ಪಟ್ಟಿ, ವಾಲ್ವ್ ಪಿನ್ ಬಿಚ್ಚಿ ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆ, ರಿಮ್ಮಿನ ಅಂಚಿಗೆ ಒತ್ತಿಕೊಂಡಂತೆ ಟೈರಿನ ಮೇಲೆ ಕೂತು, ಹಿಡಿಯ ಮೇಲೆ ಮೈಭಾರ ಹಾಕಿದಾಗ ಬೀಡನ್ನು ಕೆಳಗೆ ತಳ್ಳುತ್ತದೆ. ಒಂದೇ ಕಡೆ ಹಟ ಹಿಡಿಯದೆ ಚಕ್ರವನ್ನು ತಿರುಗಿಸುತ್ತ ಸುತ್ತಲೂ ಒತ್ತಿದರೆ ಮೊಂಡು ಟೈರೂ ಬಿಡುತ್ತದೆ. ಈ ಭಾಗಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ.

ಬಿಟ್ಟ ಬೀಡನ್ನು ರಿಮ್ಮಿನ ಅಂಚಿನಾಚೆ ಮೀಟಿ ಟೈರ್ ಕಳಚುವ ಸರಳಿನ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಬೀಡಿನ ತಂತಿ ಹಿಗ್ಗುವುದಿಲ್ಲವಾದ್ದರಿಂದ, ಸರಳು ಮೀಟುವ ಜಾಗದ ನೇರ ಎದುರಿನ ಬೀಡನ್ನು ರಿಮ್ಮಿನ ನಡುವಿನ ತಗ್ಗಿಗೆ ಮೊಣಕಾಲಿನಿಂದ ಅದುಮಿ ಇಟ್ಟುಕೊಳ್ಳಬೇಕು; ಆ ತಗ್ಗು ಯಾವ ಅಂಚಿಗೆ ಹತ್ತಿರವಿದೆಯೋ ಆ ಕಡೆಯಿಂದಲೇ ಟೈರನ್ನು ತೆಗೆಯಬೇಕು. ಉಪಕರಣದ ಜೊತೆ ಬಂದ ಕೈಪಿಡಿಯಲ್ಲಿ ಇದರ ಪ್ರಸ್ತಾಪವೇ ಇಲ್ಲದಿರುವುದು ದೊಡ್ಡ ಕೊರತೆ, ಏಕೆಂದರೆ ಇದನ್ನು ತಿಳಿಯದವರು ಬಲ ಹೆಚ್ಚಿಸುತ್ತ ಹೋಗಿ ಬೀಡನ್ನೇ ಹರಿಯುತ್ತಾರೆ. ಬೀಡಿಗೆ ದಪ್ಪನೆಯ ಸೋಪಿನ ನೀರು ಹಚ್ಚಿದರೆ 145/80 ಆರ್12ರಂತಹ ಸಣ್ಣ ಟೈರುಗಳು ಸಲೀಸಾಗಿ ಬರುತ್ತವೆ. ಟೈರನ್ನು ಮತ್ತೆ ಬಳಸುವುದಿದ್ದರೆ ಗ್ರೀಸ್, ಪೆಟ್ರೋಲ್ ಹಚ್ಚಬಾರದು. ಅವು ರಬ್ಬರನ್ನು ಕೆಡಿಸುತ್ತವೆ.

ಸ್ಟ್ಯಾಂಡನ್ನು ಕಾಂಕ್ರೀಟ್ ನೆಲಕ್ಕೆ ಆಂಕರ್ ಬೋಲ್ಟಿನಿಂದ ಬಿಗಿಯಲೇಬೇಕು, ಇಲ್ಲದಿದ್ದರೆ ಚಕ್ರದ ಬದಲು ಸ್ಟ್ಯಾಂಡೇ ತಿರುಗುತ್ತದೆ. ಬಾಡಿಗೆ ಮನೆಯವರು ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಅಲಾಯ್ ಚಕ್ರದವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಸರಳಿನ ತುದಿ ಬರಿಯ ಉಕ್ಕಿನದು, ಪ್ಲಾಸ್ಟಿಕ್ ಹೊದಿಕೆಯಿಲ್ಲ, ಗೀರು ತಪ್ಪಿದ್ದಲ್ಲ. ವಾಲ್ವಿನ ಬುಡದಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಅದೂ ಮುರಿಯುವ ಅಪಾಯವಿದೆ. ಹೊಸ ಟೈರನ್ನು ಕೂರಿಸಿದ ಮೇಲೆ ವೀಲ್ ಬ್ಯಾಲೆನ್ಸಿಂಗಿಗಾಗಿ ಹೇಗೂ ಅಂಗಡಿಗೆ ಹೋಗಬೇಕಾಗುವುದರಿಂದ, ಒಂದೇ ಕಾರಿರುವವರಿಗೆ ಇದರಿಂದ ಉಳಿತಾಯ ಅಷ್ಟಕ್ಕಷ್ಟೆ. ಉಕ್ಕಿನ ಡಿಸ್ಕಿನ ಹಳೆಯ ವಾಹನಗಳನ್ನು ಇಟ್ಟುಕೊಂಡು ತಾವೇ ರಿಪೇರಿ ಮಾಡುವವರು, ಡಿಸ್ಕಿಗೆ ಬಣ್ಣ ಹೊಡೆಯಲು ಟೈರ್ ಬಿಚ್ಚುವವರು, ಟೈರ್ ಅಂಗಡಿ ದೂರವಿರುವ ತೋಟದ ಮನೆಯವರು ಧೈರ್ಯವಾಗಿ ಕೊಳ್ಳಬಹುದು.