ಗೈಡ್, ಫ್ರೀ ವಾಕ್, ಆಡಿಯೋ, ಇಲ್ಲಾ ನಾವೊಬ್ರೇ: ಹಳೇ ಜಾಗ ನೋಡೋಕೆ ಯಾವ್ದು ಸರಿ? ನಾಲ್ಕೂ ಮಾಡಿ ನೋಡಿದ್ದು

ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಹೊರಡೋರು ಹಾಸ್ಟೆಲ್ ಯಾವ್ದು, ರಾತ್ರಿ ಬಸ್ಸಾ ಟ್ರೈನಾ ಅಂತ ವಾರಗಟ್ಲೆ ತಲೆ ಕೆಡಿಸ್ಕೋತಾರೆ, ಆದ್ರೆ ಅಷ್ಟು ದೂರ ಹೋಗಿ ಎರಡು ಸಾವಿರ ವರ್ಷದ ಹಳೇ ಗೋಡೆ ಮುಂದೆ ನಿಂತ ಮೇಲೆ ಅದನ್ನ ಹೇಗೆ ನೋಡೋದು ಅಂತ ಯೋಚ್ನೆ ಮಾಡೋರು ಕಮ್ಮಿ. ನಾನೂ ಮಾಡಿರ್ಲಿಲ್ಲ. ಮೂರು ತಿಂಗಳು ಒಬ್ಬಳೇ ಅಥೆನ್ಸ್, ಇಸ್ತಾಂಬುಲ್, ರೋಮ್, ಪಾಂಪೇ, ಪ್ರಾಗ್, ಬರ್ಲಿನ್ ಸುತ್ತಿದಾಗ ನಾಲ್ಕು ಥರ ನೋಡೋ ಹಾಗಾಯ್ತು: ದುಡ್ಡು ಕೊಟ್ಟು ಲೈಸೆನ್ಸ್ ಇರೋ ಗೈಡ್ ಜೊತೆ, ಟಿಪ್ಸ್ ಮೇಲೆ ನಡೆಯೋ ಫ್ರೀ ವಾಕಿಂಗ್ ಟೂರ್‌ನಲ್ಲಿ, ಕಿವಿಗೆ ಆಡಿಯೋ ಗೈಡ್ ಸಿಕ್ಕಿಸ್ಕೊಂಡು, ಆಮೇಲೆ ಮೊದ್ಲೇ ಓದ್ಕೊಂಡು ಹೋಗಿ ನನ್ನ ಪಾಡಿಗೆ ನಾನು. ಯಾವ್ದು ಬೆಸ್ಟ್ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ, ಜಾಗ ಬಿದ್ದುಹೋಗಿದ್ಯಾ ಇನ್ನೂ ನಿಂತಿದ್ಯಾ ಅನ್ನೋದರ ಮೇಲೆ ಉತ್ತರ ಬದ್ಲಾಗತ್ತೆ.

ರೋಮ್‌ನಿಂದ ಶುರು ಮಾಡ್ತೀನಿ, ಯಾಕಂದ್ರೆ ಒಂದೇ ಜಾಗವನ್ನ ಎರಡು ದಿನ ಎರಡು ಥರ ನೋಡಿದ್ದು ಅಲ್ಲೇ. ಮೊದಲ್ನೇ ದಿನ ಕೊಲೋಸಿಯಮ್, ರೋಮನ್ ಫೋರಮ್ (ಹಳೇ ರೋಮ್‌ನ ಮುಖ್ಯ ಚೌಕ), ಪ್ಯಾಲಟೈನ್ ಬೆಟ್ಟ ಮೂರೂ ಸೇರಿರೋ 18 ಯೂರೋ ಟಿಕೆಟ್ ತಗೊಂಡು ಒಬ್ಬಳೇ ಒಳಗೆ ಹೋದೆ. ಕೊಲೋಸಿಯಮ್‌ಗೆ ಯಾರ ಸಹಾಯನೂ ಬೇಕಾಗಿಲ್ಲ, ಒಳಗೆ ಕಾಲಿಟ್ಟ ತಕ್ಷಣ ಅದು ಏನು ಅಂತ ಗೊತ್ತಾಗತ್ತೆ. ಫೋರಮ್ ಹಾಗಲ್ಲ. ಮುರಿದ ಕಂಬ, ಇಟ್ಟಿಗೆ ಗೋಡೆ, ಹುಲ್ಲು, ಮತ್ತೆ ಮುರಿದ ಕಂಬ. ಬಿಸಿಲಲ್ಲಿ ನಲವತ್ತು ನಿಮಿಷ ಓಡಾಡಿ ಫೋಟೋ ತಗೊಂಡು ಆಚೆ ಬಂದೆ. ರಾತ್ರಿ ಡಾರ್ಮ್‌ನಲ್ಲಿ ಮಲ್ಕೊಂಡು ಫೋಟೋ ನೋಡ್ತಿದ್ರೆ ಯಾವ ಕಂಬ ಯಾವ್ದರದ್ದು ಅಂತ ಒಂದೂ ಗೊತ್ತಾಗ್ತಿಲ್ಲ, ನಿಜವಾಗ್ಲೂ ಸಂಕಟ ಆಯ್ತು, ಇಷ್ಟು ವರ್ಷ ಆಸೆ ಪಟ್ಟ ಜಾಗವನ್ನ ಸುಮ್ನೆ ದಾಟ್ಕೊಂಡು ಬಂದ್ಬಿಟ್ನಲ್ಲ ಅಂತ.

ಮಾರನೇ ದಿನ ಹನ್ನೆರಡು ಜನರ ಒಂದು ಗುಂಪಿಗೆ ಸೇರ್ಕೊಂಡೆ, ಟಿಕೆಟ್ ಸೇರಿ 55 ಯೂರೋ ಬಿತ್ತು, ಮೂರು ಗಂಟೆ. ಗೈಡ್ ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ಲೈಸೆನ್ಸ್ ಕಾರ್ಡು, ದನಿ ಏರಿಸದೇನೇ ಮಾತಾಡೋರು. ಆಂಟೊನೈನಸ್ ಮತ್ತೆ ಫೌಸ್ಟೀನಾ ದೇವಸ್ಥಾನದ ಮುಂದೆ ನಿಲ್ಲಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ, ಬಾಗ್ಲು ಎಲ್ಲಿದೆ ನೋಡಿ ಅಂತ. ನೋಡ್ತೀನಿ, ಕಂಬಗಳ ಹಿಂದೆ ಹಸಿರು ಬಾಗ್ಲು ಗಾಳಿಯಲ್ಲಿ ತೂಗ್ತಿದೆ, ಕೆಳಗೆ ಮೆಟ್ಟಿಲೂ ಇಲ್ಲ ಏನೂ ಇಲ್ಲ, ಆಳೆತ್ತರಕ್ಕಿಂತ ಎಷ್ಟೋ ಮೇಲೆ! ಮಧ್ಯಯುಗದಲ್ಲಿ ಆ ದೇವಸ್ಥಾನ ಚರ್ಚ್ ಆಯ್ತು, ಬರ್ತಾ ಬರ್ತಾ ಫೋರಮ್ ಮಣ್ಣಲ್ಲಿ ಹೂತು ದನ ಮೇಯಿಸೋ ಬಯಲಾಯ್ತು, ಆ ಬಾಗ್ಲು ಇರೋದೇ ಆ ಕಾಲದ ನೆಲದ ಮಟ್ಟಕ್ಕೆ, ಆಮೇಲೆ ಮಣ್ಣು ಅಗೆದು ತೆಗೆದಾಗ ಬಾಗ್ಲು ಮೇಲೇ ಉಳ್ಕೊಂಡ್ತು. ಅದೇ ಕಂಬಗಳ ತುದೀಲಿ ಓರೆಯಾಗಿ ಕೊರೆದ ಗೀರುಗಳಿವೆ, ಯಾರೋ ಹಗ್ಗ ಕಟ್ಟಿ ಎಳೆದು ಬೀಳ್ಸೋಕೆ ನೋಡಿದ್ದಂತೆ, ಬೀಳ್ಲಿಲ್ಲ. ಹಿಂದಿನ ದಿನ ಅದೇ ಕಂಬಗಳ ಮುಂದೆ ನಿಂತು ನಾನು ಸೆಲ್ಫಿ ತಗೊಂಡಿದ್ದೆ.

ಸ್ವಲ್ಪ ಮುಂದೆ ಬಸಿಲಿಕಾ ಎಮಿಲಿಯಾ ಅನ್ನೋ, ಹಿಂದೆ ವ್ಯಾಪಾರ ವ್ಯವಹಾರ ನಡೀತಿದ್ದ ಹಾಲ್‌ನ ನೆಲದ ಹತ್ರ ಕೂತ್ಕೊಳ್ಳಿ ಅಂದ್ರು. ಬಿಳೀ ಮಾರ್ಬಲ್ ಮೇಲೆ ಅಲ್ಲಲ್ಲಿ ಬೆರಳಿನ ತುದಿಯಷ್ಟು ಹಸಿರು ಕಲೆ. ಪಾಚಿ ಅಂದ್ಕೊಂಡೆ. ಅದು ಕಂಚಿನ ನಾಣ್ಯ ಕರಗಿ ಕಲ್ಲಿಗೆ ಅಂಟ್ಕೊಂಡಿರೋದು. 410ರಲ್ಲಿ ಅಲಾರಿಕ್‌ನ ವಿಸಿಗಾತ್ ಸೈನ್ಯ ರೋಮ್‌ಗೆ ನುಗ್ಗಿದಾಗ ಬಿದ್ದ ಬೆಂಕಿಯಲ್ಲಿ ಆಗಿದ್ದು ಅಂತ ಹೇಳ್ತಾರೆ. ಲೇವಾದೇವಿ ಮಾಡೋ ಯಾರೋ ಒಬ್ಬ ಕಾಸು ಬಿಟ್ಟು ಓಡಿಹೋಗಿರ್ಬೇಕು. ನಾನು ಆ ಕಲೆ ಮುಂದೆ ಎಷ್ಟು ಹೊತ್ತು ಕೂತಿದ್ದೆ ಅಂದ್ರೆ ಗುಂಪು ಮುಂದೆ ಹೋಗಿಬಿಟ್ಟಿತ್ತು. ಇದನ್ನ ಯಾವ ಬೋರ್ಡೂ ನನಗೆ ಹೇಳ್ತಿರ್ಲಿಲ್ಲ, ಹೇಳಿದ್ರೂ ನಾನು ಬಗ್ಗಿ ನೋಡ್ತಿರ್ಲಿಲ್ಲ. 55 ಯೂರೋ ನನ್ನ ಎರಡು ದಿನದ ಖರ್ಚು, ಆದ್ರೂ ಇಡೀ ಟ್ರಿಪ್‌ನಲ್ಲಿ ಅಷ್ಟು ಚೆನ್ನಾಗಿ ಖರ್ಚಾದ ದುಡ್ಡು ಇನ್ನೊಂದಿಲ್ಲ.

ಗೈಡ್ ಅಂದ್ರೆ ಎಲ್ಲಾ ಕಡೆ ಹೀಗೇ ಅಂತ ಅಲ್ಲ. ಇನ್ನೊಂದು ಊರಲ್ಲಿ ಗೇಟ್ ಹತ್ರ ಒಬ್ಬ ಬಂದು ಕ್ಯೂ ನಿಲ್ಲೋ ಹಾಗಿಲ್ಲ, ಈಗ್ಲೇ ಒಳಗೆ ಅಂತ ಹೇಳಿ ಸೇರಿಸ್ಕೊಂಡ, ಒಂದು ಗಂಟೆ ಬಿಸಿಲಲ್ಲಿ ಕಾಯಿಸಿದ್ದಾಯ್ತು, ಗುಂಪಲ್ಲಿ ನಲವತ್ತು ಜನ, ಹೆಡ್‌ಸೆಟ್‌ನಲ್ಲಿ ದನಿ ಕೇಳ್ಸತ್ತೆ ಆದ್ರೆ ಅವನು ಯಾವ ಕಲ್ಲು ತೋರಿಸ್ತಿದಾನೆ ಅಂತ ಹಿಂದೆ ಇರೋರಿಗೆ ಕಾಣಲ್ಲ. ಹಾಗಾಗಿ ಗೈಡ್ ತಗೊಳ್ಳೋದಾದ್ರೆ ಗುಂಪಲ್ಲಿ ಎಷ್ಟು ಜನ ಅಂತ ಮೊದ್ಲು ಕೇಳಿ, ಹದಿನೈದು ದಾಟಿದ್ರೆ ಬೇಡ. ಗೇಟಲ್ಲಿ ಹಿಂದೆ ಬೀಳೋರ ಹತ್ರ ಅಂತೂ ಬೇಡ್ವೇ ಬೇಡ.

ಈಗ ಅಥೆನ್ಸ್. ಅಲ್ಲಿ ಅಕ್ರೊಪೊಲಿಸ್, ಅಂದ್ರೆ ಹಳೇ ದೇವಸ್ಥಾನಗಳಿರೋ ಬೆಟ್ಟದ ಟಿಕೆಟ್ಟೇ 30 ಯೂರೋ, ಅದರ ಮೇಲೆ ಗೈಡ್‌ಗೆ ಕೊಡೋಕೆ ಮನಸ್ಸು ಬರ್ಲಿಲ್ಲ, ಹಾಸ್ಟೆಲ್‌ನಲ್ಲಿ ಎರಡು ರಾತ್ರಿ ಕೂತು ಓದ್ಕೊಂಡೆ. ಅದಕ್ಕಿಂತ ದೊಡ್ಡ ಸಹಾಯ ಆಗಿದ್ದು ಅಕ್ರೊಪೊಲಿಸ್ ಮ್ಯೂಸಿಯಂ ಅನ್ನ ಹಿಂದಿನ ದಿನವೇ ನೋಡಿದ್ದು. 2009ರಲ್ಲಿ ಜನರಿಗೆ ತೆರೆದ ಕಟ್ಟಡ ಅದು, ನೆಲ ಅಲ್ಲಲ್ಲಿ ಗಾಜಿಂದು, ಕಾಲ ಕೆಳಗೆ ಹಳೇ ಮನೆಗಳ ಪಾಯ ಕಾಣತ್ತೆ. ಮೇಲಿನ ಅಂತಸ್ತನ್ನ ಬೆಟ್ಟದ ಮೇಲಿನ ದೊಡ್ಡ ದೇವಸ್ಥಾನ ಪಾರ್ಥೆನಾನ್ ಯಾವ ದಿಕ್ಕಿಗೆ ಇದೆಯೋ ಅದೇ ದಿಕ್ಕಿಗೆ ತಿರುಗಿಸಿ ಕಟ್ಟಿದಾರೆ, ಶಿಲ್ಪಗಳ ಸಾಲಲ್ಲಿ ಅಸಲಿ ಕಲ್ಲು ಜೇನಿನ ಬಣ್ಣಕ್ಕೆ ತಿರುಗಿದೆ, ಹಿಂದೆ ಬ್ರಿಟನ್‌ಗೆ ಸಾಗಿಸಿ ಈಗ ಲಂಡನ್‌ನಲ್ಲಿರೋ ತುಂಡುಗಳ ಜಾಗದಲ್ಲಿ ಬೆಳ್ಳಗಿನ ಪ್ಲಾಸ್ಟರ್ ಅಚ್ಚು ಇಟ್ಟಿದಾರೆ. ಏನು ಕಳೆದುಹೋಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ಬಣ್ಣವೇ ಹೇಳತ್ತೆ. ಹೆಣ್ಣು ರೂಪದ ಕಂಬಗಳು, ಕ್ಯಾರಿಯಾಟಿಡ್‌ಗಳು, ಆರರಲ್ಲಿ ಐದು ಅಲ್ಲಿವೆ, ಆರನೇದು ಲಂಡನ್‌ನಲ್ಲಿ, ಅವಳ ಜಾಗ ಖಾಲಿ ಬಿಟ್ಟಿದಾರೆ. ಅದನ್ನ ನೋಡಿ ಗಂಟಲು ಕಟ್ಟಿತು ನನಗೆ.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಬೆಟ್ಟ ಹತ್ತಿದೆ. ಕಾಲು ಜಾರತ್ತೆ ಹುಷಾರು, ಎಷ್ಟು ಜನ ತುಳಿದಿದಾರೋ ಮಾರ್ಬಲ್ ಕನ್ನಡಿ ಥರ ಆಗಿದೆ. ಕ್ರಿ.ಪೂ. 447ರಲ್ಲಿ ಶುರು ಮಾಡಿದ ಪಾರ್ಥೆನಾನ್‌ನಲ್ಲಿ ನೇರ ಗೆರೆ ಅನ್ನೋದೇ ಇಲ್ಲ ಅನ್ನೋಷ್ಟು ಕಮ್ಮಿ ಅಂತ ಓದಿದ್ದೆ, ಮೂಲೇಲಿ ಬಗ್ಗಿ ಮೆಟ್ಟಿಲ ಉದ್ದಕ್ಕೂ ಕಣ್ಣು ಹಾಯಿಸಿದೆ, ನಿಜ! ಮಧ್ಯದಲ್ಲಿ ಉಬ್ಬಿದೆ, ಉದ್ದದ ಬದಿಯಲ್ಲಿ ಹೆಚ್ಚುಕಮ್ಮಿ 11 ಸೆಂಟಿಮೀಟರ್ ಅಂತೆ, ನಿಂತು ನೋಡಿದ್ರೆ ಗೊತ್ತೇ ಆಗಲ್ಲ. ಕಂಬಗಳಲ್ಲಿ ಹಳೇ ಕಲ್ಲಿನ ಮಧ್ಯೆ ಬೆಳ್ಳಗಿನ ಹೊಸ ತುಂಡುಗಳಿವೆ, ಇಪ್ಪತ್ತನೇ ಶತಮಾನದ ಶುರುವಲ್ಲಿ ರಿಪೇರಿ ಮಾಡಿದಾಗ ಹಾಕಿದ್ದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳ್ತಾ ಇತ್ತು, ಅದನ್ನೆಲ್ಲ ತೆಗೆದು ಟೈಟಾನಿಯಂ ಹಾಕಿದಾರೆ. ಇಷ್ಟನ್ನೂ ಯಾರ ಅವಸರವೂ ಇಲ್ಲದೆ ಎರಡೂವರೆ ಗಂಟೆ ನೋಡಿದೆ. ಗೈಡ್ ಇದ್ದಿದ್ರೆ ಆ ಮೂಲೇಲಿ ಹತ್ತು ನಿಮಿಷ ಬಗ್ಗಿ ಕೂರೋಕೆ ಬಿಡ್ತಿರ್ಲಿಲ್ಲ.

ಒಬ್ಬರೇ ನೋಡೋದರ ನಷ್ಟನೂ ಹೇಳ್ಬೇಕು. ಓದೋಕೆ ಸಮಯ ಬೇಕು, ಎರಡನೇ ತಿಂಗಳಿಗೆ ಬರೋ ಹೊತ್ತಿಗೆ ಆ ಉಮೇದು ಇಳಿದಿರತ್ತೆ, ಬೆನ್ನು ನೋವು, ಬಟ್ಟೆ ಒಗೆಯೋದು, ಮುಂದಿನ ಊರಿನ ಬುಕಿಂಗ್, ಇದರ ಮಧ್ಯೆ ಯಾರು ಓದ್ತಾರೆ. ಓದದೇ ಒಬ್ಬರೇ ಹೋದ್ರೆ ರೋಮ್‌ನಲ್ಲಿ ನನಗಾದ ಮೊದಲ್ನೇ ದಿನವೇ ಗತಿ.

ಆಡಿಯೋ ಗೈಡ್ ಬಗ್ಗೆ ನನಗೆ ತುಂಬಾ ನಂಬಿಕೆ ಇತ್ತು, ಗೈಡ್‌ಗಿಂತ ಅಗ್ಗ, ಬೇಕಾದಾಗ ನಿಲ್ಲಿಸ್ಬಹುದು. ಇಸ್ತಾಂಬುಲ್‌ನಲ್ಲಿ ಹಗಿಯಾ ಸೋಫಿಯಾಗೆ ಒಂದು ಆ್ಯಪ್ ಡೌನ್‌ಲೋಡ್ ಮಾಡ್ಕೊಂಡು ಹೋದೆ. 537ರಲ್ಲಿ ಮುಗಿದ ಚರ್ಚು, 1453ರಿಂದ ಮಸೀದಿ, 1935ರಿಂದ ಮ್ಯೂಸಿಯಂ, 2020ರಲ್ಲಿ ಮತ್ತೆ ಮಸೀದಿ, ಈಗ ಹೊರದೇಶದ ಪ್ರವಾಸಿಗಳಿಗೆ 25 ಯೂರೋ, ನೋಡೋಕೆ ಬಿಡೋದು ಮೇಲಿನ ಗ್ಯಾಲರಿಗೆ. ಕಿವೀಲಿ ದನಿ ವರ್ಷಗಳ ಮೇಲೆ ವರ್ಷ ಹೇಳ್ತಾ ಹೋಗತ್ತೆ, ನಾನು ಫೋನ್ ಸ್ಕ್ರೀನ್ ನೋಡ್ಕೊಂಡು ಆರನೇ ನಂಬರ್ ಎಲ್ಲಿ ಅಂತ ಹುಡುಕ್ತಾ ಇದೀನಿ, ತಲೆ ಎತ್ತಿ ಆ ಗುಮ್ಮಟ ನೋಡಿದ್ದು ಇಪ್ಪತ್ತು ನಿಮಿಷ ಆದ್ಮೇಲೆ. ಆಗ ಪಕ್ಕದಲ್ಲಿ ಬೇರೆ ಯಾರದ್ದೋ ಗೈಡ್ ಒಂದು ಮಾರ್ಬಲ್ ಕಟ್ಟೆ ತೋರಿಸ್ತಿದ್ರು, ಅದರ ಮೇಲೆ ಗೀಚಿದ ಸವೆದ ಅಕ್ಷರ. ಕಾವಲಿಗೆ ಬಂದಿದ್ದ ಉತ್ತರದ ವೈಕಿಂಗ್ ಒಬ್ಬ ತನ್ನ ಲಿಪಿಯಲ್ಲಿ ಹೆಸರು ಕೆತ್ತಿರೋದಂತೆ, ಹಾಲ್ವ್ದಾನ್ ಅಂತ. ಪ್ರಾರ್ಥನೆ ನಡೀತಿರೋವಾಗ ನಿಂತು ನಿಂತು ಬೇಜಾರಾಗಿ ಗೀಚಿದ್ನೋ ಏನೋ. ನನ್ನ ಆಡಿಯೋದಲ್ಲಿ ಅದರ ಸುದ್ದಿಯೇ ಇಲ್ಲ, ಇದ್ದಿದ್ರೂ ಕಟ್ಟೆ ಯಾವ್ದು ಅಂತ ನಾನು ಹುಡುಕಬೇಕಿತ್ತು. ಆಡಿಯೋಗೆ ಪ್ರಶ್ನೆ ಕೇಳೋಕಾಗಲ್ಲ, ಬೆರಳು ಮಾಡಿ ತೋರಿಸೋಕಾಗಲ್ಲ, ನನಗೆ ಇದೇ ಅದರ ದೊಡ್ಡ ಕೊರತೆ. ಮ್ಯೂಸಿಯಂ ಒಳಗೆ, ಪ್ರತಿ ವಸ್ತುವಿಗೂ ನಂಬರ್ ಇರೋ ಕಡೆ ಓಕೆ, ಬೇರೆ ಕಡೆ ನಾನಂತೂ ಮತ್ತೆ ತಗೊಳ್ಲಿಲ್ಲ.

ಅದೇ ಸಂಜೆ ಸುಲೇಮಾನಿಯೆ ಮಸೀದಿಗೆ ಹೋದೆ, ಮಿಮಾರ್ ಸಿನಾನ್ ಕಟ್ಟಿದ್ದು, 1557ರಲ್ಲಿ ಮುಗಿದಿದ್ದು, ಟಿಕೆಟ್ ಇಲ್ಲ. ತಲೆಗೆ ಸ್ಕಾರ್ಫ್ ಸುತ್ಕೊಂಡು ಚಪ್ಪಲಿ ಬಿಟ್ಟು ಕಾರ್ಪೆಟ್ ಮೇಲೆ ಒಂದು ಗಂಟೆ ಕೂತೆ, ಕಿವಿಗೆ ಏನೂ ಇಲ್ಲ, ಓದಿದ್ದೂ ಜಾಸ್ತಿ ಇಲ್ಲ. ಪೂರ್ತಿಯಾಗಿ ನಿಂತಿರೋ ಕಟ್ಟಡಕ್ಕೆ ದುಭಾಷಿ ಬೇಕಾಗಲ್ಲ ಅಂತ ನನಗೆ ಖಾತ್ರಿಯಾಗಿದ್ದು ಅವತ್ತು. ರೋಮ್‌ನ ಪ್ಯಾಂಥಿಯಾನ್ ಅನ್ನೋ ಹಳೇ ದೇವಸ್ಥಾನದಲ್ಲೂ ಅಷ್ಟೇ ಆಯ್ತು, 5 ಯೂರೋ ಕೊಟ್ಟು ಒಳಗೆ ಹೋಗಿ ಬೆಂಚ್ ಮೇಲೆ ಕೂತು ಗುಮ್ಮಟದ ನೆತ್ತಿಯ ತೂತಿಂದ ಬಿದ್ದ ಬೆಳಕಿನ ಬಿಲ್ಲೆ ಗೋಡೆ ಮೇಲೆ ನಿಧಾನಕ್ಕೆ ಜರುಗೋದನ್ನ ನೋಡ್ತಾ ಇದ್ದೆ, ಮಧ್ಯದಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಸಿಟ್ಟು ಬರ್ತಿತ್ತು.

ಫ್ರೀ ವಾಕಿಂಗ್ ಟೂರ್ ಎರಡು ಊರಲ್ಲಿ ಮಾಡಿದೆ, ಎರಡಕ್ಕೂ ಅಜಗಜಾಂತರ. ಬರ್ಲಿನ್‌ನಲ್ಲಿ ಇತಿಹಾಸ ಓದಿದ್ದ ಒಬ್ಬ ಹುಡುಗ ಕರ್ಕೊಂಡು ಹೋದ. ಬೇಬೆಲ್‌ಪ್ಲಾಟ್ಸ್ ಅನ್ನೋ ಚೌಕದ ಮಧ್ಯೆ ನೆಲದಲ್ಲಿ ಒಂದು ಗಾಜು, ಇಣುಕಿ ನೋಡಿದ್ರೆ ಕೆಳಗೆ ಬೆಳ್ಳಗಿನ ಖಾಲಿ ಶೆಲ್ಫುಗಳು, ಇಪ್ಪತ್ತು ಸಾವಿರ ಪುಸ್ತಕ ಹಿಡಿಸೋಷ್ಟು. 1933ರ ಮೇ 10ರ ರಾತ್ರಿ ನಾಜಿಗಳು ಪುಸ್ತಕ ಸುಟ್ಟಿದ್ದು ಅಲ್ಲೇ. ರಸ್ತೇಲಿ ಎರಡು ಸಾಲು ಕಲ್ಲು ಹೂಳಿರೋದು ಬರ್ಲಿನ್ ಗೋಡೆ ಇದ್ದ ಗುರುತು, ಮನೆ ಬಾಗ್ಲ ಮುಂದೆ ಅಂಗೈಯಷ್ಟು ಹಿತ್ತಾಳೆ ಕಲ್ಲುಗಳಲ್ಲಿ ನಾಜಿಗಳು ಅಲ್ಲಿಂದ ಎಳ್ಕೊಂಡು ಹೋದ ಜನರ ಹೆಸರು. ಬರ್ಲಿನ್‌ನಲ್ಲಿ ಎಷ್ಟೋ ಮುಖ್ಯವಾದದ್ದು ಕಾಲ ಕೆಳಗೇ ಇರತ್ತೆ, ಒಬ್ಬಳೇ ಹೋಗಿದ್ರೆ ಅದರ ಮೇಲೇ ನಡ್ಕೊಂಡು ಹೋಗ್ತಿದ್ದೆ. ಖುಷಿಯಿಂದ 15 ಯೂರೋ ಕೊಟ್ಟೆ.

ಪ್ರಾಗ್‌ನಲ್ಲಿ ಸಿಕ್ಕಿದವನು ಒಳ್ಳೇ ಮಾತುಗಾರ, ಎಲ್ಲರನ್ನೂ ನಗಿಸ್ತಿದ್ದ. 1410ರ ಖಗೋಳ ಗಡಿಯಾರದ ಮುಂದೆ ನಿಂತು, ಇದನ್ನ ಮಾಡಿದ ಹಾನುಷ್ ಅನ್ನೋನ ಕಣ್ಣು ಕೀಳಿಸಿದ್ರು, ಇಂಥದ್ದು ಇನ್ನೊಂದು ಮಾಡಬಾರದು ಅಂತ, ಹೀಗೆ ಕಥೆ ಹೇಳಿದ, ಎಲ್ರೂ ಅಯ್ಯೋ ಅಂದ್ವಿ. ಆಮೇಲೆ ಓದಿದ್ರೆ ಅದು ಬರೀ ದಂತಕಥೆ, ಗಡಿಯಾರ ಮಾಡಿದ್ದು ಕಾಡಾನ್ ಊರಿನ ಮಿಕುಲಾಷ್, ಲೆಕ್ಕಾಚಾರದಲ್ಲಿ ಜೊತೆಗಿದ್ದಿದ್ದು ಯಾನ್ ಶಿಂಡೆಲ್. ದಂತಕಥೆ ಹೇಳೋದು ತಪ್ಪಲ್ಲ, ದಂತಕಥೆ ಅಂತ ಹೇಳದೇ ಇದ್ದದ್ದು ತಪ್ಪು. ಗಡಿಯಾರ ಇರೋ ಆ ಚೌಕದ ನೆಲದಲ್ಲಿ 27 ಬಿಳೀ ಶಿಲುಬೆ ಗುರುತುಗಳಿವೆ, 1621ರ ಜೂನ್ 21ರಂದು ಅಲ್ಲಿ ಗಲ್ಲಿಗೇರಿಸಿದ, ತಲೆ ಕಡಿದ 27 ಜನರ ನೆನಪಿಗೆ, ಅವನು ಅದರ ಮೇಲೇ ನಿಂತು ಮಾತಾಡಿ ಮುಂದೆ ಹೋದ. ಟಿಪ್ಸ್ ಮೇಲೆ ಹೊಟ್ಟೆ ಹೊರೆಯೋನಿಗೆ ನಗಿಸೋ ಒತ್ತಡ ಇದ್ದೇ ಇರತ್ತೆ, ಅವನ ಮೇಲೆ ಕೋಪ ಇಲ್ಲ. ಫ್ರೀ ಅಂತ ಹೆಸರಿದ್ರೂ ಏನೂ ಕೊಡದೆ ಜಾರ್ಕೊಳ್ಳೋದು ಮಾತ್ರ ಅನ್ಯಾಯ, ಕೆಲವು ಕಂಪನಿಗಳಿಗೆ ಗೈಡ್‌ಗಳೇ ತಲೆಗೆ ಇಷ್ಟು ಅಂತ ಕಟ್ಟಬೇಕಾಗತ್ತೆ. ಊರಿಗೆ ಬಂದ ಮೊದಲ್ನೇ ದಿನ ಬೆಳಿಗ್ಗೆ ಮಾಡಿ, ಬೀದಿಗಳ ಅಂದಾಜು ಸಿಗತ್ತೆ, ಕೇಳಿದ್ದನ್ನ ರಾತ್ರಿ ಒಂದ್ಸಲ ಚೆಕ್ ಮಾಡ್ಕೊಳ್ಳಿ.

ಇದೆಲ್ಲ ಆದ್ಮೇಲೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು ಪಾಂಪೇಗೆ ಹೋದಾಗ ಎರಡನ್ನ ಜೋಡಿಸಿದೆ. ಬೆಳಿಗ್ಗೆ ಎರಡು ಗಂಟೆ ಗೈಡ್, ಆಮೇಲೆ ಮುಚ್ಚೋವರೆಗೂ ಒಬ್ಬಳೇ. ಗೈಡ್ ರಸ್ತೆ ಓದೋದು ಕಲಿಸಿದ್ರು: ಬೀದಿ ದಾಟೋಕೆ ಇಟ್ಟಿರೋ ಎತ್ತರದ ಕಲ್ಲುಗಳು, ಅವುಗಳ ಸಂದಿಯಲ್ಲಿ ಗಾಡಿ ಚಕ್ರ ಹೋಗೋಷ್ಟು ಜಾಗ, ಕಲ್ಲಲ್ಲಿ ಚಕ್ರ ಕೊರೆದ ಜಾಡು, ಬಾಗ್ಲಿಗೆ ಕೌಂಟರ್ ಇದ್ದು ಅದರಲ್ಲಿ ದೊಡ್ಡ ಗುಂಡಿ ಇದ್ರೆ ಅದು ಊಟ ಮಾರೋ ಅಂಗಡಿ. ಅಷ್ಟು ಗೊತ್ತಾದ್ಮೇಲೆ ಮಧ್ಯಾಹ್ನ ಪೂರ್ತಿ ಯಾರೂ ಇಲ್ಲದ ಗಲ್ಲಿಗಳಲ್ಲಿ ನಾನೇ ಗುರ್ತು ಹಿಡೀತಾ ಹೋದೆ, ಇದು ಬೇಕರಿ, ಇಲ್ಲಿ ಬೀಸೋ ಕಲ್ಲಿದೆ, ಇದು ಅಂಗಡಿ, ಈ ಬೀದೀಲಿ ಗಾಡಿ ಜಾಸ್ತಿ ಓಡಾಡಿದೆ ನೋಡು ಜಾಡು ಎಷ್ಟು ಆಳ ಅಂತ. ಐದು ಗಂಟೆ ಹೊತ್ತಿಗೆ ಒಂದು ಅಂಗಡಿ ಕೌಂಟರ್ ಮುಂದೆ ನಿಂತಿದ್ದಾಗ ಒಂದು ಫ್ಯಾಮಿಲಿ ಬಂದು ಇದೇನಿದು ಸ್ನಾನದ ಮನೆನಾ ಅಂತ ಅವರವರಲ್ಲೇ ಮಾತಾಡ್ಕೊಂಡ್ರು, ನಾನು ತಿರುಗಿ ಹೇಳಿದೆ, ಅವರ ಮಗಳು ಗುಂಡಿಯೊಳಗೆ ಬಗ್ಗಿ ನೋಡಿ ಆಮೇಲೆ ಪಕ್ಕದ ಬೀದೀಲಿ ಇನ್ನೊಂದು ಅಂಗಡಿ ಹುಡುಕೋಕೆ ಓಡಿದ್ಲು.