ಆಟದ ನೆಲಕ್ಕೆ ಯಾವ ತಂತ್ರಾಂಶ?

ಆಟದ ಲೋಕಕ್ಕೆ ಬೆಟ್ಟ, ಕಣಿವೆ, ನದಿಪಾತ್ರಗಳನ್ನು ರೂಪಿಸುವ ತಂತ್ರಾಂಶವನ್ನು ಆರಿಸುವಾಗ ಹಲವರು ಪ್ರಚಾರದ ಚಿತ್ರಗಳಿಗೆ ಮರುಳಾಗುತ್ತಾರೆ. ನಾನಾದರೋ ಅದು ಎತ್ತರದ ನಕ್ಷೆಯನ್ನು (ನೆಲದ ಪ್ರತಿ ಬಿಂದುವಿನ ಎತ್ತರವನ್ನು ಬೂದು ಛಾಯೆಯಲ್ಲಿ ತೋರುವ ಚಿತ್ರ) 16 ಬಿಟ್‌ನಲ್ಲಿ ಕೊಡುತ್ತದೆಯೇ ಎಂದು ಮೊದಲು ನೋಡುತ್ತೇನೆ. 8 ಬಿಟ್‌ನಲ್ಲಿ ಎತ್ತರಕ್ಕೆ 256 ಹಂತಗಳಷ್ಟೇ ದೊರೆಯುವುದರಿಂದ ನುಣುಪಾಗಿರಬೇಕಾದ ಇಳಿಜಾರು ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. 16 ಬಿಟ್‌ನಲ್ಲಿ 65,536 ಹಂತಗಳಿರುತ್ತವೆ.

ವರ್ಲ್ಡ್ ಮಷೀನ್ ಮತ್ತು ಗಾಯಾ ಎಂಬ ತಂತ್ರಾಂಶಗಳೆರಡರಲ್ಲೂ ತಲಾ ಒಂದು ಕೆಲಸ ಮಾಡುವ ನೋಡ್‌ಗಳನ್ನು ಒಂದಕ್ಕೊಂದು ಜೋಡಿಸುತ್ತ ನೆಲವನ್ನು ಕಟ್ಟಬೇಕು. ಮಳೆನೀರು ಮಣ್ಣನ್ನು ಕೊಚ್ಚಿ ತಗ್ಗಿಗೆ ತಂದು ಹಾಕುವ ಬಗೆಯನ್ನು ಇವು ಅನುಕರಿಸುವುದಲ್ಲದೆ, ನೀರಿನ ಹರಿವು, ಹೂಳು, ಇಳಿಜಾರುಗಳನ್ನು, ಅವು ಎಲ್ಲೆಲ್ಲಿವೆ ಎಂದು ಗುರುತಿಸುವ ಪ್ರತ್ಯೇಕ ಮಾಸ್ಕ್‌ಗಳಾಗಿಯೂ ಒದಗಿಸುತ್ತವೆ. ಕಡಿದಾದ ಕಡೆ ಬಂಡೆ, ಹರಿವಿನ ಜಾಡಿನಲ್ಲಿ ಮರಳು, ಸಮತಟ್ಟಿನಲ್ಲಿ ಹುಲ್ಲು ಎಂದು ಮೇಲ್ಮೈಗೆ ಹೊದಿಸುವ ಟೆಕ್ಸ್ಚರ್‌ಗಳನ್ನು ಹಂಚುವುದು ಈ ಮಾಸ್ಕ್‌ಗಳ ಆಧಾರದಿಂದಲೇ. ಕೊಟ್ಟ ಹಣಕ್ಕೆ ಬೆಲೆ ಸಿಗುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಬದಲಾವಣೆಯನ್ನು ಕೂಡಲೇ ಕಾಣಬಯಸುವವರಿಗೆ ವರ್ಲ್ಡ್ ಕ್ರಿಯೇಟರ್ ಹೆಚ್ಚು ಒಗ್ಗುತ್ತದೆ, ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು.

ಕಾಲಡಿಯ ಮಣ್ಣು, ಕಲ್ಲುಗಳ ಟೆಕ್ಸ್ಚರ್ ಬೇರೆಯದೇ ಕೆಲಸ. ಅದಕ್ಕೆ ಸಬ್‌ಸ್ಟೆನ್ಸ್ ಡಿಸೈನರ್ ಸಮರ್ಥವಾಗಿದೆಯಾದರೂ ಕಲಿಯಲು ತಾಳ್ಮೆ ಬೇಡುತ್ತದೆ. ಹಣ ತೆರಲಾಗದವರು ಮುಕ್ತ ಆಕರದ ಮೆಟೀರಿಯಲ್ ಮೇಕರ್‌ನಿಂದ ಆರಂಭಿಸಬಹುದು.

ಉಚಿತ ಆವೃತ್ತಿಗಳಲ್ಲಿ ರೆಸಲ್ಯೂಶನ್‌ಗೆ ಮಿತಿಯಿರುವುದು ಸಾಮಾನ್ಯ. ಆಟವನ್ನು ಕಟ್ಟುವ ಎಂಜಿನ್‌ಗಳ ಪೈಕಿ ಯೂನಿಟಿ ಎತ್ತರದ ನಕ್ಷೆಯ ಬದಿಗೆ 1025, 2049 ಪಿಕ್ಸೆಲ್‌ಗಳಂತಹ ಅಳತೆಗಳನ್ನೂ ಅನ್‌ರಿಯಲ್ 1009, 2017ರಂತಹವನ್ನೂ ಬಯಸುವುದರಿಂದ, ಕೊಳ್ಳುವ ಮುನ್ನ ಒಂದು ಸಣ್ಣ ನಕ್ಷೆಯನ್ನು ನಿಮ್ಮ ಎಂಜಿನ್‌ಗೆ ಸೇರಿಸಿ ನೋಡಿರಿ.