ಬಹು ಆವರ್ತನದ ಮೂರು ಮೆಟಲ್ ಡಿಟೆಕ್ಟರ್‌ಗಳು: ಕೂಳೆ ಹೊಲದಲ್ಲಿ, ಒದ್ದೆ ಮರಳಿನಲ್ಲಿ

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ನೆಲೆಸಿ, ಕೊಯ್ಲು ಮುಗಿದ ಹೊಲಗಳಲ್ಲಿ ರೈತರ ಅನುಮತಿಯೊಂದಿಗೆ ಹಳೆಯ ನಾಣ್ಯ ಹುಡುಕುವ ಹವ್ಯಾಸ ಹಿಡಿದ ಮೇಲೆ, ಪರಿಚಿತರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವುದು ಒಂದೇ ಪ್ರಶ್ನೆ: ಯಾವ ಯಂತ್ರ ಹೆಚ್ಚು ಆಳದವರೆಗೆ ನೋಡುತ್ತದೆ? ಮೈನ್‌ಲ್ಯಾಬ್ ಈಕ್ವಿನಾಕ್ಸ್ 900, ಎಕ್ಸ್‌ಪಿ ಡಿಯಸ್ 2 ಮತ್ತು ನೊಕ್ಟಾ ಲೆಜೆಂಡ್ ಈ ಮೂರನ್ನೂ ಒಂದೇ ಹೊಲದಲ್ಲಿ, ಒಂದೇ ಕಡಲತೀರದಲ್ಲಿ ಬಳಸಿ ನೋಡಿದ ನಂತರ, ಆಳದ ಪ್ರಶ್ನೆಗಿಂತ ಮೊದಲು ಕೇಳಬೇಕಾದ್ದು ಬೇರೆಯೇ ಇದೆ ಎಂದು ನನಗೆ ಮನವರಿಕೆಯಾಗಿದೆ. ನೆಲದೊಳಗೆ ಇರುವುದು ಏನೆಂದು ಯಂತ್ರ ಹೇಳಿದಾಗ, ಆ ಮಾತನ್ನು ನಂಬಿ ಸನಿಕೆ ಊರಬಹುದೇ ಎಂಬುದೇ ಆ ಪ್ರಶ್ನೆ.

ಆಳದ ವಿಷಯದಲ್ಲಿ ಯಾವ ಕಂಪನಿಯೂ ಪವಾಡ ಮಾಡಲಾರದು. ನೆಲದ ಮೇಲೆ ಬೀಸುವ ತಟ್ಟೆಯಂಥ ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ, ಕಾಯಿಲ್‌ನ ಅಗಲವನ್ನು ಮೀರಿದ ದೂರದಲ್ಲಿ, ನಾಣ್ಯವನ್ನು ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ದೂರದ ಮೂರನೇ ಘಾತದಷ್ಟು ಕುಗ್ಗುತ್ತದೆ, ನಾಣ್ಯದಿಂದ ಹಿಂದಿರುಗುವಾಗ ಮತ್ತೆ ಅಷ್ಟೇ ಕುಗ್ಗುತ್ತದೆ. ಹೀಗಾಗಿ ಅಲ್ಲಿಂದಾಚೆಗೆ ಸಣ್ಣ ನಾಣ್ಯದ ದೂರ ಎರಡು ಪಟ್ಟಾದರೆ ಮರಳಿ ಬರುವ ಸಂಕೇತ 64ರಲ್ಲಿ ಒಂದು ಪಾಲಿನತ್ತ ಇಳಿಯುತ್ತದೆ. ಆದ್ದರಿಂದ ಒಳ್ಳೆಯ ಯಂತ್ರಗಳ ನಡುವಣ ಆಳದ ವ್ಯತ್ಯಾಸ ಬೆರಳ ದಪ್ಪದಷ್ಟೇ ಇರುತ್ತದೆ. ಗುರುತು ಹೇಳುವ ಸಾಮರ್ಥ್ಯದ ವ್ಯತ್ಯಾಸವಾದರೋ ಬಹಳ ದೊಡ್ಡದು.

ಗುರುತಿನ ಈ ಕೆಲಸಕ್ಕೇ ಬಹು ಆವರ್ತನ ಬೇಕಾಗಿರುವುದು. ನಾಲ್ಕೈದು ಕಿಲೋಹರ್ಟ್ಸ್‌ನ ಕಡಿಮೆ ಆವರ್ತನಕ್ಕೆ ದಪ್ಪನೆಯ ಬೆಳ್ಳಿ, ತಾಮ್ರದಂಥ ಉತ್ತಮ ವಾಹಕಗಳು ಚೆನ್ನಾಗಿ ಸ್ಪಂದಿಸುತ್ತವೆ. 40 ಕಿಲೋಹರ್ಟ್ಸ್‌ನ ಸುತ್ತಮುತ್ತ ತೆಳುವಾದ ಉಂಗುರ, ಕಿರಿದಾದ ಚಿನ್ನದ ಚೂರು ಎದ್ದು ಕಾಣುತ್ತವೆ. ಒಂದೇ ಆವರ್ತನದ ಯಂತ್ರ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಯಂತ್ರ ಉತ್ತರಗಳನ್ನು ಪರಸ್ಪರ ತಾಳೆ ನೋಡಿ, ಮಣ್ಣಿನ ಖನಿಜದ್ದು ಯಾವುದು, ಉಪ್ಪುನೀರಿನದು ಯಾವುದು, ಲೋಹದ್ದು ಯಾವುದು ಎಂದು ಬೇರ್ಪಡಿಸಬಲ್ಲದು. ಈ ತಂತ್ರ ಹೊಸದೇನಲ್ಲ. ಆಸ್ಟ್ರೇಲಿಯಾದ ಮೈನ್‌ಲ್ಯಾಬ್ 1990ರ ದಶಕದಲ್ಲೇ ಇಂಥ ಯಂತ್ರಗಳನ್ನು ಮಾರುತ್ತಿತ್ತು. ಆದರೆ ಅವು ಭಾರವಾಗಿದ್ದವು, ನಿಧಾನವಾಗಿದ್ದವು. 2018ರಲ್ಲಿ ಈಕ್ವಿನಾಕ್ಸ್ 800 ಬಂದ ನಂತರವೇ ಹಗುರವೂ ವೇಗವೂ ಆದ ಬಹು ಆವರ್ತನದ ಯಂತ್ರ ಸಾಮಾನ್ಯ ಹವ್ಯಾಸಿಯ ಕೈಗೆ ಎಟುಕಿತು, ಇಂದಿನ ಪೈಪೋಟಿಯೂ ಅಲ್ಲಿಂದಲೇ ಬಿರುಸಾಯಿತು.

ನಾನು ಮೂರನ್ನೂ ಹೋಲಿಸಿದ ಹೊಲದಲ್ಲಿ ರೋಮನ್ನರ ಕಾಲದ ಮೊಳೆಗಳು ಹೇರಳವಾಗಿವೆ. ಇಂಥ ನೆಲದಲ್ಲಿ ನಾಣ್ಯ ಸಿಗದಿರಲು ಆಳಕ್ಕಿಂತ ಹೆಚ್ಚಾಗಿ ಪಕ್ಕದ ಮೊಳೆಯೇ ಕಾರಣ: ಕಬ್ಬಿಣದ ದನಿ ಇನ್ನೂ ಆರದಿರುವಾಗಲೇ ಕಾಯಿಲ್ ನಾಣ್ಯದ ಮೇಲಿಂದ ದಾಟಿ ಹೋಗಿರುತ್ತದೆ. ಇಲ್ಲಿ ಫ್ರಾನ್ಸಿನ ಡಿಯಸ್ 2 ನನ್ನ ಮನ ಗೆದ್ದಿತು. ಎರಡು ಒರಟು ಗುರುಗುಟ್ಟುವಿಕೆಗಳ ನಡುವೆ, ಕಾಯಿಲನ್ನು ಎಡದಿಂದ ಬಲಕ್ಕೆ ಬೀಸಿದಾಗ ಮಾತ್ರ, ಒಂದು ಚಿಕ್ಕ ಸ್ಪಷ್ಟ ಸ್ವರ ಕೇಳಿಸಿತು. ಬಲದಿಂದ ಎಡಕ್ಕೆ ಬಂದಾಗ ಅದು ಇರಲಿಲ್ಲ. ತೊಂಬತ್ತು ಡಿಗ್ರಿ ತಿರುಗಿ ನಿಂತು ಬೀಸಿದಾಗ ಎರಡೂ ಕಡೆ ಕೇಳಿತು. ಒಂದು ಗೇಣಿಗಿಂತ ಕಡಿಮೆ ಆಳದಲ್ಲಿ, ಹೆಂಟೆಯೊಂದರ ಅಂಚಿಗೆ ಅಂಟಿಕೊಂಡಿದ್ದುದು ಕತ್ತರಿಸಿದ ಮಧ್ಯಯುಗದ ಪೆನ್ನಿಯ ಅರ್ಧ. ಚಿಲ್ಲರೆಯ ಅಗತ್ಯಕ್ಕೆ ಆ ಕಾಲದವರು ಬೆಳ್ಳಿಯ ಪೆನ್ನಿಯನ್ನೇ ಅದರ ಮೇಲಿದ್ದ ಶಿಲುಬೆಯ ಗೆರೆಗುಂಟ ತುಂಡರಿಸುತ್ತಿದ್ದರು. ಕತ್ತರಿಸಿದ ಅಂಚು ಉಗುರಿಗೆ ಇನ್ನೂ ಚೂಪಾಗಿ ತಗಲುತ್ತಿತ್ತು.

ಡಿಯಸ್ 2ರ ಇನ್ನೊಂದು ದೊಡ್ಡ ಗುಣ ಅದರ ಹಗುರತನ. ಕಾಯಿಲ್, ರಿಮೋಟ್, ಹೆಡ್‌ಫೋನ್ ಮೂರೂ ತಂತಿಯಿಲ್ಲದೆ ಮಾತಾಡಿಕೊಳ್ಳುವ ಈ ಯಂತ್ರ ಒಟ್ಟಾರೆ ಒಂದು ಕಿಲೋಗಿಂತ ಕಡಿಮೆ ತೂಗುತ್ತದೆ, ಆರು ತಾಸು ಬೀಸಿದ ತೋಳಿಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಇದರ ಬೆಲೆಯೇ ಮೂರರಲ್ಲಿ ಹೆಚ್ಚು. ಮೂರು ಭಾಗಗಳಿಗೂ ಬೇರೆ ಬೇರೆ ಬ್ಯಾಟರಿ ಇರುವುದರಿಂದ ಹಿಂದಿನ ರಾತ್ರಿ ಮೂರನ್ನೂ ನೆನಪಿಟ್ಟು ಚಾರ್ಜ್ ಮಾಡಬೇಕು. 20 ಮೀಟರ್ ಆಳದ ನೀರನ್ನು ತಡೆಯುವುದಾದರೂ, ನೀರಿನಲ್ಲಿ ರೇಡಿಯೋ ಸಂಕೇತ ಸಾಗದ ಕಾರಣ ಮುಳುಗಿಸಿ ಬಳಸುವಾಗ ಕಾಯಿಲ್‌ನಿಂದ ರಿಮೋಟ್‌ವರೆಗೆ ಆಂಟೆನಾ ತಂತಿ ಕಟ್ಟಿಕೊಳ್ಳಲೇಬೇಕು.

ಕಡಲತೀರದಲ್ಲಿ ನನ್ನ ಆಯ್ಕೆ ಈಕ್ವಿನಾಕ್ಸ್ 900. ಅಲೆ ಆಗಷ್ಟೇ ಹಿಂದೆ ಸರಿದ ಮರಳಿನಲ್ಲಿ ಉಪ್ಪುನೀರೇ ವಾಹಕವಾಗಿ, ತೆಳು ಚಿನ್ನದಂತೆ ವರ್ತಿಸುತ್ತದೆ. ನನ್ನ ಹಳೆಯ ಏಕ ಆವರ್ತನದ ಯಂತ್ರ ಅಲ್ಲಿ ಎಡೆಬಿಡದೆ ಚೀರುತ್ತಿದ್ದುದರಿಂದ ಸಂವೇದನೆಯನ್ನು ಅರ್ಧಕ್ಕಿಳಿಸಿ ನಡೆಯಬೇಕಾಗುತ್ತಿತ್ತು. ಈಕ್ವಿನಾಕ್ಸ್ ಬೀಚ್ ಕ್ರಮದಲ್ಲಿ ನೆಲದ ಸಮತೋಲನ ಮಾಡಿಕೊಂಡ ಮೇಲೆ, ಅಂದರೆ ನೆಲದ್ದೇ ಆದ ಸಂಕೇತವನ್ನು ಲೆಕ್ಕದಿಂದ ಕಳೆದ ಮೇಲೆ, ಸುಮ್ಮನಾಗುತ್ತದೆ, ಆ ಮೌನದಲ್ಲಿ ಸಣ್ಣ ಉಂಗುರದ ದನಿಯೂ ಕೇಳುತ್ತದೆ. ಕೆಳಗಿರುವ ಲೋಹ ಯಾವುದಿರಬಹುದೆಂದು ಸೂಚಿಸುವ, ಮೈನಸ್ 19ರಿಂದ 99ರವರೆಗೆ ಹರಡಿದ ಗುರುತು ಸಂಖ್ಯೆಗಳು ಹೊಲದಲ್ಲೂ ಉಪಯೋಗಕ್ಕೆ ಬಂದವು. ಆದರೂ ಡಬ್ಬಿಯ ಮುಚ್ಚಳದ ಅಲ್ಯೂಮಿನಿಯಂ ಕೊಂಡಿಗೂ ಚಿನ್ನದ ಉಂಗುರಕ್ಕೂ ಒಂದೇ ಸಂಖ್ಯೆ ಬರುವುದು ಯಾವ ಯಂತ್ರದಲ್ಲೂ ತಪ್ಪಿಲ್ಲ, ಚಿನ್ನ ಬೇಕೆಂದವರು ಕೊಂಡಿಗಳನ್ನೂ ಅಗೆಯಲೇಬೇಕು. 11 ಇಂಚಿನ ಕಾಯಿಲ್ ಜೊತೆ 6 ಇಂಚಿನದನ್ನೂ ಪೆಟ್ಟಿಗೆಯಲ್ಲೇ ಕೊಡುವುದು ನಿಜವಾದ ಉಪಕಾರ, ಏಕೆಂದರೆ ಕಸ ತುಂಬಿದ ನೆಲದಲ್ಲಿ ಚಿಕ್ಕ ಕಾಯಿಲ್ ಮಾಡುವ ಸಹಾಯವನ್ನು ಯಾವ ಸೆಟ್ಟಿಂಗ್ ಕೂಡ ಮಾಡಲಾರದು.

ಟರ್ಕಿಯ ಲೆಜೆಂಡ್ 2022ರಲ್ಲಿ ಬಂದದ್ದು, ಮೂರರಲ್ಲಿ ಅಗ್ಗದ್ದು. ಕೈಗೆ ತುಸು ಭಾರವೆನಿಸಿದರೂ, ಮೊದಲ ಸಲ ಬಹು ಆವರ್ತನಕ್ಕೆ ಬರುವವರಿಗೆ ನಾನು ಹಿಂಜರಿಕೆಯಿಲ್ಲದೆ ಹೇಳುವುದು ಇದನ್ನೇ. ಸಂಕೇತದಲ್ಲಿ ಕಬ್ಬಿಣದ ಪಾಲೆಷ್ಟು, ಇತರ ಲೋಹದ ಪಾಲೆಷ್ಟು ಎಂಬುದನ್ನು ಪರದೆಯ ಮೇಲೆ ತೋರಿಸುವ ಫೆರೋಚೆಕ್ ಎಂಬ ಸೌಲಭ್ಯ, ಕಿವಿ ಇನ್ನೂ ಪಳಗದವರಿಗೆ ಒಳ್ಳೆಯ ಗುರು. ಬೆಲೆಯಲ್ಲಿ ಉಳಿದ ಹಣಕ್ಕೆ ಒಂದು ಪಿನ್‌ಪಾಯಿಂಟರ್ (ಅಗೆದ ಗುಂಡಿಯಲ್ಲಿ ಲೋಹದ ನಿಖರ ಜಾಗ ತೋರಿಸುವ ಕೈಯಳತೆಯ ಪುಟ್ಟ ಡಿಟೆಕ್ಟರ್) ಮತ್ತು ಗಟ್ಟಿಯಾದ ಸನಿಕೆ ಕೊಂಡರೆ, ದುಬಾರಿ ಯಂತ್ರ ಹಿಡಿದು ಬರಿಗೈಯಲ್ಲಿ ಮಣ್ಣು ಕೆದಕುವವರಿಗಿಂತ ಹೆಚ್ಚು ಕೆಲಸವಾಗುತ್ತದೆ.

ಊರಿನಿಂದ ಕೇಳುವವರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಲ್ಲಿ 1996ರ ಟ್ರೆಷರ್ ಕಾಯ್ದೆಯ ಪ್ರಕಾರ ನಿಧಿ ಎನಿಸಬಹುದಾದುದು ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. ಉಳಿದ ಹಳೆಯ ವಸ್ತುಗಳನ್ನೂ ಸಿಕ್ಕ ಜಾಗದ ಸಮೇತ ದಾಖಲಿಸುವ ವ್ಯವಸ್ಥೆಯಿದೆ, ನನ್ನ ಅರ್ಧ ಪೆನ್ನಿಯೂ ಅಲ್ಲಿ ದಾಖಲಾಗಿದೆ. ಭಾರತದಲ್ಲಿ 1878ರ ನಿಧಿ ಕಾಯ್ದೆಯೂ 1972ರ ಪುರಾತನ ವಸ್ತುಗಳ ಕಾಯ್ದೆಯೂ ಜಾರಿಯಲ್ಲಿವೆ, ಹವ್ಯಾಸಕ್ಕೆ ಇಂಥ ದಾರಿಯಿಲ್ಲ. ನಿಧಿಗಳ್ಳರು ಗರ್ಭಗುಡಿಯ ನೆಲವನ್ನೇ ಅಗೆದು, ವಿಗ್ರಹಗಳನ್ನು ಕಿತ್ತು ಹಾಳುಗೆಡವಿದ ಸುದ್ದಿಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಊರಿಗೆ ಒಂದು ಯಂತ್ರ ತಂದುಕೊಡು ಎಂದು ಕೇಳಿದ ಬಂಧುಗಳಿಗೆ ನಾನು ಇಲ್ಲವೆಂದೇ ಹೇಳಿದ್ದೇನೆ.

ಸದ್ಯ ನನ್ನ ಬಳಿ ಉಳಿಸಿಕೊಂಡಿರುವುದು ಡಿಯಸ್ 2. ನನ್ನ ವಾರಾಂತ್ಯಗಳು ಹೆಚ್ಚಾಗಿ ಆ ಮೊಳೆಗಳ ಹೊಲದಲ್ಲೇ ಕಳೆಯುತ್ತವೆ. ಮನೆ ಕಡಲಿಗೆ ಇನ್ನಷ್ಟು ಹತ್ತಿರವಿದ್ದಿದ್ದರೆ ಈಕ್ವಿನಾಕ್ಸ್ ಅನ್ನು ಬಿಟ್ಟುಕೊಡುತ್ತಿರಲಿಲ್ಲ.